ಹೊಸನಗರ ಕಡೆಯ ಒಂದು ಉಬ್ಬಸ ಪ್ರಕರಣ ಮತ್ತು ಸಾಯಲೊಲ್ಲದ ಬಿಳಿರಕ್ತಕಣಗಳು

ಜುಲೈ ಕೊನೆಯ ಭಾಗ, ಪುಷ್ಯ ಮಳೆ ಹಿಡಿದ ಮೂರನೆಯ ದಿನ, ಹೊಸನಗರ ತಾಲ್ಲೂಕಿನ ಒಂದು ಒಂಟಿಮನೆಯಿಂದ 46 ವರ್ಷದ ಮಹಿಳೆಯೊಬ್ಬರನ್ನು ಮನೆಯವರು ಶಿವಮೊಗ್ಗಕ್ಕೆ ಕರೆತಂದರು. ಎರಡು ರಾತ್ರಿ ಅವರು ಮಲಗಲಾಗದೆ ಗೋಡೆಗೊರಗಿ ಕುಳಿತೇ ಬೆಳಗು ಮಾಡಿದ್ದರು. ಒಂದು ಮಾತನ್ನು ಒಂದೇ ಉಸಿರಿಗೆ ಮುಗಿಸಲು ಆಗುತ್ತಿರಲಿಲ್ಲ. ಉಸಿರಾಟದ ಗತಿ ನಿಮಿಷಕ್ಕೆ 28, ನಾಡಿ 118, ರಕ್ತದ ಆಮ್ಲಜನಕದ ಮಟ್ಟ ಶೇ. 91 ಇತ್ತು, ಸ್ಟೆತಾಸ್ಕೋಪ್ ಇಡುವ ಮೊದಲೇ ಎದೆಯ ಸುಂಯ್‌ಗುಟ್ಟುವಿಕೆ ಕೇಳುತ್ತಿತ್ತು. ರೋಗಿಯ ಗುರುತು ಹತ್ತುವ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ. ಉಳಿದದ್ದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ: ಐದು ತಿಂಗಳ ಅಂತರದಲ್ಲಿ ಅವರಿಗೆ ಬಂದ ಎರಡು ಉಬ್ಬಸಗಳು ಹೊರಗಿನಿಂದ ಒಂದೇ ಥರ ಕಂಡರೂ ಶ್ವಾಸನಾಳದ ಒಳಗೆ ಬೇರೆ ಬೇರೆಯಾಗಿದ್ದವು, ಮತ್ತು ಎರಡನೆಯದನ್ನು ಮೊದಲನೆಯದೆಂದೇ ತಿಳಿದು ನಾನು ತಪ್ಪಿದೆ.

ಅವರಿಗೆ ಉಬ್ಬಸ ಹುಟ್ಟಿನಿಂದ ಬಂದದ್ದಲ್ಲ. 38ನೆಯ ವಯಸ್ಸಿನವರೆಗೆ ತೋಟ, ಕೊಟ್ಟಿಗೆ, ಅಡಿಗೆಮನೆ ಎಲ್ಲವನ್ನೂ ಯಾವ ತೊಂದರೆಯೂ ಇಲ್ಲದೆ ನೋಡಿಕೊಂಡಿದ್ದರು. ಮೊದಲು ಬಂದದ್ದು ಮೂಗು ಕಟ್ಟುವುದು. ಆಮೇಲೆ ವಾಸನೆ ಹೋಯಿತು, ಒಲೆಯ ಮೇಲಿನ ಹಾಲು ಸೀದರೂ ತಿಳಿಯದಷ್ಟು. ಮೂಗಿನಲ್ಲಿ ದುರ್ಮಾಂಸ ಬೆಳೆದಿದೆಯೆಂದು ಒಬ್ಬ ವೈದ್ಯರು ಆಗಲೇ ಹೇಳಿದ್ದರಂತೆ. ಅದಾಗಿ ಎರಡು ವರ್ಷಕ್ಕೆ ಮಳೆಗಾಲದಲ್ಲಿ ಕೆಮ್ಮು, ಮತ್ತೆ ಎರಡು ವರ್ಷಕ್ಕೆ ಉಬ್ಬಸ. ನೋವಿನ ಮಾತ್ರೆ ನುಂಗಿದರೆ ಹೆಚ್ಚಾಗುವುದಿಲ್ಲವೆಂದು ಕೇಳಿ ಖಚಿತಪಡಿಸಿಕೊಂಡೆ, ಏಕೆಂದರೆ ಮೂಗಿನ ದುರ್ಮಾಂಸ ಮತ್ತು ಉಬ್ಬಸ ಜೊತೆಯಾಗಿ ಬಂದಾಗ ಆಸ್ಪಿರಿನ್ ಜಾತಿಯ ಮಾತ್ರೆ ಒಗ್ಗದಿರುವ ಸಾಧ್ಯತೆಯನ್ನು ಕೇಳದೆ ಬಿಡಬಾರದು. ಇದುವರೆಗೆ ಅವರು ಬಳಸುತ್ತಿದ್ದದ್ದು ತಕ್ಷಣಕ್ಕೆ ಉಸಿರು ನಿರಾಳಗೊಳಿಸುವ ಸಾಲ್ಬ್ಯುಟಮಾಲ್ ಪಂಪು ಒಂದನ್ನೇ. ಮಳೆಗಾಲದಲ್ಲಿ ತಿಂಗಳಿಗೆ ಎರಡು ಪಂಪು ಖಾಲಿಯಾಗುತ್ತಿದ್ದವು.

ಮನೆ ಹಂಚಿನದು, ಸುತ್ತ ತೋಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿಗೆ ಏನನ್ನೂ ಹಾಕುವ ಹಾಗಿಲ್ಲವಾದ್ದರಿಂದ ಬಟ್ಟೆಗಳು ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಒಣಗುತ್ತವೆ. ಹಾಸಿಗೆ, ಕಂಬಳಿ, ತಲೆದಿಂಬು ಮುಟ್ಟಿದರೆ ತಣ್ಣಗೆ ಹತ್ತುತ್ತವೆ. ಗೋಡೆಯ ಮೂಲೆಗಳಲ್ಲಿ ಬೂಷ್ಟು. ಮಲೆನಾಡಿನ ಯಾವ ಮನೆಗೂ ಇದು ಹೊಸತಲ್ಲ, ಎಲ್ಲರಿಗೂ ಉಬ್ಬಸವೂ ಬರುವುದಿಲ್ಲ. ಆದರೆ ಆ ತೇವದಲ್ಲಿ ಹುಲುಸಾಗಿ ಬೆಳೆಯುವ ಧೂಳಿನ ನುಸಿಗೆ ಈ ರೋಗಿಯ ದೇಹ ಅಲರ್ಜಿ ತೋರುತ್ತಿತ್ತೆಂದು ಚರ್ಮದ ಪರೀಕ್ಷೆಯಲ್ಲಿ ಆಮೇಲೆ ಗೊತ್ತಾಯಿತು.

ಆ ದಿನ ನೆಬ್ಯುಲೈಜರ್, ಆಮ್ಲಜನಕ, ಮತ್ತು 5 ದಿನಗಳ ಮಟ್ಟಿಗೆ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಆರಂಭಿಸಿದೆವು. ಸ್ಟೀರಾಯ್ಡ್ ಕೊಡುವ ಮೊದಲು ರಕ್ತ ತೆಗೆದಿಟ್ಟದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು, ಏಕೆಂದರೆ ಒಂದೆರಡು ಡೋಸ್ ಸ್ಟೀರಾಯ್ಡ್ ಒಳಗೆ ಹೋದ ಮೇಲೆ ಇಯೊಸಿನೊಫಿಲ್ ಎಂಬ ಜಾತಿಯ ಬಿಳಿರಕ್ತಕಣಗಳ ಎಣಿಕೆ ನಂಬುವ ಹಾಗಿರುವುದಿಲ್ಲ. ಒಟ್ಟು ಬಿಳಿರಕ್ತಕಣಗಳು 9,400, ಅದರಲ್ಲಿ ಇಯೊಸಿನೊಫಿಲ್ ಶೇ. 12, ಅಂದರೆ ಪ್ರತಿ ಮೈಕ್ರೊಲೀಟರಿಗೆ ಸುಮಾರು 1,130. ಸಾಮಾನ್ಯವಾಗಿ ಇದು 500ರ ಒಳಗಿರುತ್ತದೆ. ಎದೆಯ ಎಕ್ಸ್-ರೇ ಶುಭ್ರವಾಗಿತ್ತು. ಮೂರನೆಯ ದಿನ ಉಸಿರು ಊದಿಸಿ ನೋಡಿದಾಗ ಮೊದಲ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿ 1.28 ಲೀಟರ್, ಅವರ ವಯಸ್ಸು ಮತ್ತು ಎತ್ತರಕ್ಕೆ ಇರಬೇಕಾದದ್ದರ ಶೇ. 58; ಸಾಲ್ಬ್ಯುಟಮಾಲ್ ಕೊಟ್ಟ ಮೇಲೆ 1.53 ಲೀಟರಿಗೆ ಏರಿತು. ಈ ಏರಿಕೆ 200 ಮಿಲಿಲೀಟರ್ ಮತ್ತು ಶೇ. 12 ಎಂಬ ಎರಡೂ ಗೆರೆಗಳನ್ನು ದಾಟಿದ್ದರಿಂದ ಇದು ಉಬ್ಬಸವೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ನಮ್ಮ ಕಡೆ ಇಯೊಸಿನೊಫಿಲ್ ಹೆಚ್ಚಿದ ಕೂಡಲೇ ಉಬ್ಬಸ ಎಂದು ಬರೆದು ಮುಗಿಸುವುದು ಅಪಾಯ. ತೋಟದ ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರ ಹೊಟ್ಟೆಯಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ಅಂಥವರಿಗೆ ಸ್ಟೀರಾಯ್ಡ್ ಕೊಟ್ಟರೆ ಹುಳುವಿನ ಮರಿಗಳು ಮಿತಿಮೀರಿ ಹೆಚ್ಚಿ, ಕರುಳನ್ನು ದಾಟಿ ಮೈಯೆಲ್ಲ ಹರಡಿ ಪ್ರಾಣಕ್ಕೇ ಕುತ್ತಾಗುವುದುಂಟು. ಮಲಪರೀಕ್ಷೆಯಲ್ಲಿ ಹುಳು ಕಾಣಲಿಲ್ಲ, ಆದರೆ ಆ ಪರೀಕ್ಷೆ ಎಷ್ಟೋ ಸಲ ಹುಳುವನ್ನು ತಪ್ಪಿಸಿಬಿಡುತ್ತದೆ. ಆದ್ದರಿಂದ ಮಾದರಿ ತೆಗೆದುಕೊಂಡ ದಿನವೇ ಅವರ 54 ಕಿಲೋ ತೂಕಕ್ಕೆ ತಕ್ಕಂತೆ 12 ಮಿಲಿಗ್ರಾಂ ಐವರ್ಮೆಕ್ಟಿನ್ ಕೊಟ್ಟಿದ್ದೆವು. ಆನೆಕಾಲು ಹುಳುವಿನಿಂದ ಬರುವ ಶ್ವಾಸಕೋಶದ ಇಯೊಸಿನೊಫಿಲಿಯಾದಲ್ಲಿ ಎಣಿಕೆ 3,000 ಮೀರುವುದು ವಾಡಿಕೆ, ಇಲ್ಲಿ ಅಷ್ಟಿರಲಿಲ್ಲ. ಆಸ್ಪರ್ಜಿಲಸ್ ಬೂಷ್ಟಿನ ಅಲರ್ಜಿಗಾಗಿ ಮಾಡಿಸಿದ ರಕ್ತಪರೀಕ್ಷೆಯೂ ಇಲ್ಲವೆಂದೇ ಬಂತು.

ಇಷ್ಟರ ಜೊತೆಗೆ ಕಫದ ಒಂದು ಹನಿಯನ್ನು ಗಾಜಿನ ಮೇಲೆ ಹರಡಿ, ಲೀಶ್ಮನ್ ಬಣ್ಣ ಹಾಕಿ, ಪೆಥಾಲಜಿಯ ಸಹೋದ್ಯೋಗಿಯೊಬ್ಬರ ಜೊತೆ ಕುಳಿತು ನೋಡಿದೆ. ಈ ಪರೀಕ್ಷೆಗೆ ಖರ್ಚು ಹೆಚ್ಚಿಲ್ಲ. ನಾಲ್ಕು ನೂರು ಕೋಶಗಳನ್ನು ಎಣಿಸುವ ತಾಳ್ಮೆ ಬೇಕು, ಅಷ್ಟೇ. ಬಹುಶಃ ಅದಕ್ಕೇ ಇದನ್ನು ಯಾರೂ ಮಾಡುವುದಿಲ್ಲ. ಎಣಿಸಿದ ಕೋಶಗಳಲ್ಲಿ ಶೇ. 34 ಇಯೊಸಿನೊಫಿಲ್‌ಗಳಿದ್ದವು, ಶೇ. 3 ಇದ್ದರೇ ಹೆಚ್ಚು ಎನ್ನುವುದು ರೂಢಿ. ಅವುಗಳ ನಡುವೆ ಎರಡೂ ತುದಿ ಚೂಪಾದ, ಸೂಜಿಯಂಥ ಹರಳುಗಳು ಚೆಲ್ಲಿದ್ದವು. ಷಾರ್ಕೊ 1853ರಲ್ಲಿ, ಲೈಡನ್ 1872ರಲ್ಲಿ ವಿವರಿಸಿದ ಹರಳುಗಳಿವು. ಇಯೊಸಿನೊಫಿಲ್‌ಗೆ ಆ ಹೆಸರು ಬರುವುದಕ್ಕೂ ಮುಂಚೆಯೇ, ಅಂದರೆ 1879ರಲ್ಲಿ ಪಾಲ್ ಎರ್ಲಿಶ್ ಇಯೊಸಿನ್ ಬಣ್ಣದಿಂದ ಅದನ್ನು ಗುರುತಿಸುವ ಮೊದಲೇ, ಅದರ ಅವಶೇಷವನ್ನು ವೈದ್ಯರು ಕಂಡಿದ್ದರು ಎನ್ನುವುದು ನನಗೆ ಯಾವಾಗಲೂ ಸೋಜಿಗ. ಈ ಹರಳುಗಳು ಗ್ಯಾಲೆಕ್ಟಿನ್-10 ಎಂಬ ಪ್ರೊಟೀನಿನವು. ಅವು ಕಂಡವೆಂದರೆ ಆ ಕೋಶಗಳಲ್ಲಿ ಹಲವು ಸದ್ದಿಲ್ಲದೆ ಸಾಯದೆ ಒಡೆದುಹೋಗಿವೆ ಎಂದರ್ಥ.

ಒಂದು ಕೋಶ ಹೇಗೆ ಸಾಯುತ್ತದೆ ಎಂಬುದಕ್ಕೆ ಉಬ್ಬಸದಲ್ಲಿ ಬಹಳ ಬೆಲೆಯಿದೆ. ಇಯೊಸಿನೊಫಿಲ್ ಮೂಳೆಮಜ್ಜೆಯಲ್ಲಿ ಸುಮಾರು ಒಂದು ವಾರ ಬಲಿತು ರಕ್ತಕ್ಕೆ ಇಳಿಯುತ್ತದೆ, ಒಂದು ದಿನದ ಆಸುಪಾಸಿನಲ್ಲಿ ರಕ್ತವನ್ನು ಬಿಟ್ಟು ಅಂಗಾಂಶ ಸೇರುತ್ತದೆ, ಅಲ್ಲಿ ಉಳಿಸಿಕೊಳ್ಳುವವರು ಯಾರೂ ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಬರಿ ಪೋಷಕ ದ್ರವದಲ್ಲಿ ಇಟ್ಟರೆ ಎರಡು ಮೂರು ದಿನಗಳಲ್ಲಿ ಬಹುಪಾಲು ಮುಗಿದಿರುತ್ತವೆ. ಅದೇ ದ್ರವಕ್ಕೆ ಇಂಟರ್‌ಲ್ಯೂಕಿನ್-5 ಎಂಬ ಸಂಕೇತ ಪ್ರೊಟೀನನ್ನು ಬೆರೆಸಿದರೆ ಎರಡು ವಾರದವರೆಗೂ ಬದುಕುತ್ತವೆ. ಸಾವು ಈ ಕೋಶದ ಸಹಜ ಗತಿ. ಬದುಕಿರಬೇಕಾದರೆ ಅದಕ್ಕೆ ಹೊರಗಿನಿಂದ ಮತ್ತೆ ಮತ್ತೆ ಅಪ್ಪಣೆ ಬರುತ್ತಿರಬೇಕು.

ಆ ಸಹಜ ಸಾವಿಗೆ 1972ರಲ್ಲಿ ಕೆರ್, ವೈಲೀ ಮತ್ತು ಕರೀ ಎಂಬ ಮೂವರು ವಿಜ್ಞಾನಿಗಳು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಮರದಿಂದ ಎಲೆ ಕಳಚಿ ಬೀಳುವುದಕ್ಕೆ ಗ್ರೀಕರು ಬಳಸುತ್ತಿದ್ದ ಮಾತದು. ತೋಟದವರಿಗೆ ಇದನ್ನು ಹೇಳುವುದು ಸುಲಭ: ಬಲಿತ ಅಡಿಕೆ ಹಾಳೆ ತನ್ನ ಕಾಲಕ್ಕೆ ತಾನೇ ಕಳಚಿ ಬಿದ್ದರೆ ಮರಕ್ಕೆ ಗಾಯವಾಗುವುದಿಲ್ಲ. ಹಾಗೆಯೇ ಅಪೊಪ್ಟೋಸಿಸ್‌ನಲ್ಲಿ ಕೋಶ ಮುದುಡಿ ತುಣುಕುಗಳಾಗುತ್ತದೆ, ಅದರ ಪೊರೆ ಹರಿಯುವುದಿಲ್ಲ, ಒಳಗಿರುವ ವಿಷಕಾರಿ ಪ್ರೊಟೀನುಗಳು ಹೊರಗೆ ಚೆಲ್ಲುವುದಿಲ್ಲ, ಮ್ಯಾಕ್ರೊಫೇಜ್ ಎಂಬ ದೊಡ್ಡ ಕೋಶ ಬಂದು ಆ ತುಣುಕುಗಳನ್ನು ನುಂಗಿ, ನುಂಗಿದ ಮೇಲೆ ಉರಿಯೂತವನ್ನು ತಣಿಸುವ ವಸ್ತುಗಳನ್ನು ತಾನೇ ಸುರಿಸುತ್ತದೆ. ಕೋಶ ಒಡೆದರೆ ಹಾಗಲ್ಲ. ಅದರ ಕಣಗಳಲ್ಲಿ ತುಂಬಿಟ್ಟ, ಹುಳುಗಳನ್ನು ಕೊಲ್ಲಲೆಂದೇ ಇರುವ ಪ್ರೊಟೀನುಗಳು ಶ್ವಾಸನಾಳದ ಒಳಪೊರೆಯ ಮೇಲೆ ಬಿದ್ದು ಅದನ್ನು ಸುಲಿಯುತ್ತವೆ.

ಬದುಕಿರಲು ಅಪ್ಪಣೆ ಎಲ್ಲಿಂದ ಬರುತ್ತದೆ? ಈ ರೋಗಿಯ ಮಟ್ಟಿಗೆ ಆರಂಭ ಒಳಪೊರೆಯಲ್ಲೇ. ನುಸಿಯ ಕಣ, ವೈರಾಣು, ಹೊಗೆ ಇವುಗಳಿಂದ ಘಾಸಿಗೊಂಡ ಒಳಪೊರೆ ಟಿಎಸ್ಎಲ್‌ಪಿ, ಇಂಟರ್‌ಲ್ಯೂಕಿನ್-33, ಇಂಟರ್‌ಲ್ಯೂಕಿನ್-25 ಎಂಬ ಕೂಗುಗಳನ್ನು ಹಾಕುತ್ತದೆ. ಅದನ್ನು ಕೇಳಿಸಿಕೊಂಡ ಟಿ-ಕೋಶಗಳು ಮತ್ತು ಎರಡನೆಯ ಗುಂಪಿನ ಸಹಜ ಲಿಂಫಾಯ್ಡ್ ಕೋಶಗಳು ಎಂಬ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್-5 ಸುರಿಸುತ್ತವೆ; ಒಳಪೊರೆ ತಾನೂ ಜಿಎಂ-ಸಿಎಸ್ಎಫ್ ಎಂಬ ಇನ್ನೊಂದು ಸಂಕೇತವನ್ನು ಕಳಿಸುತ್ತದೆ. ಇಂಟರ್‌ಲ್ಯೂಕಿನ್-3, ಇಂಟರ್‌ಲ್ಯೂಕಿನ್-5 ಮತ್ತು ಜಿಎಂ-ಸಿಎಸ್ಎಫ್ ಮೂರಕ್ಕೂ ಇಯೊಸಿನೊಫಿಲ್‌ನ ಮೇಲೆ ಸಂಕೇತ ಹಿಡಿಯುವ ಬೇರೆ ಬೇರೆ ಆಲ್ಫಾ ಗ್ರಾಹಕಗಳಿವೆ, ಆದರೆ ಅವು ಕೂಡಿಕೊಳ್ಳುವ ಬೀಟಾ ಸರಪಳಿ ಒಂದೇ. ಯಾವ ಬಾಗಿಲಿನಿಂದ ಬಂದರೂ ಒಳಗೆ ಹೋಗುವ ಮೆಟ್ಟಿಲು ಒಂದೇ ಎಂದಾಯಿತು. ಆ ಬೀಟಾ ಸರಪಳಿಗೆ ಅಂಟಿಕೊಂಡ ಜಾಕ್-2 ಕಿಣ್ವ ಎಚ್ಚೆತ್ತು ಸ್ಟಾಟ್-5 ಅನ್ನು ಕೋಶಕೇಂದ್ರಕ್ಕೆ ಕಳಿಸುತ್ತದೆ, ಅಲ್ಲಿ ಬಿಸಿಎಲ್-ಎಕ್ಸ್ಎಲ್ ಎಂಬ ಕಾವಲು ಪ್ರೊಟೀನಿನ ತಯಾರಿ ಹೆಚ್ಚುತ್ತದೆ. ಪಿಐ3-ಕೈನೇಸ್ ಮತ್ತು ಇಆರ್‌ಕೆ ಎಂಬ ಪಕ್ಕದ ದಾರಿಗಳೂ ಅದೇ ಹೊತ್ತಿಗೆ ಕೆಲಸಕ್ಕಿಳಿಯುತ್ತವೆ. ಎಲ್ಲದರ ಗುರಿ ಬ್ಯಾಕ್ಸ್ ಎಂಬ ಕೊಲೆಗಾರ ಪ್ರೊಟೀನನ್ನು ಮೈಟೊಕಾಂಡ್ರಿಯದ ಹತ್ತಿರ ಬಿಡದಿರುವುದು. ಬ್ಯಾಕ್ಸ್ ಅಲ್ಲಿಗೆ ಹೋಗಿ ರಂಧ್ರ ಕೊರೆದರೆ ಸೈಟೊಕ್ರೋಮ್-ಸಿ ಸೋರುತ್ತದೆ, ಕ್ಯಾಸ್ಪೇಸ್ ಕಿಣ್ವಗಳು ಒಂದನ್ನೊಂದು ಎಬ್ಬಿಸಿ ಕೋಶವನ್ನು ಒಳಗಿನಿಂದಲೇ ಕತ್ತರಿಸಿ ಮುಗಿಸುತ್ತವೆ. ಸಂಕೇತ ಇರುವಷ್ಟು ಹೊತ್ತು ಆ ಕೆಲಸ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಇದರ ಮೇಲೆ ಇಯೊಸಿನೊಫಿಲ್ ತಾನೇ ಸ್ವಲ್ಪ ಜಿಎಂ-ಸಿಎಸ್ಎಫ್ ತಯಾರಿಸಿ ತನ್ನ ಆಯುಸ್ಸನ್ನು ತಾನೇ ಹಿಗ್ಗಿಸಿಕೊಳ್ಳಬಲ್ಲದು.

ಹಾಗಾಗಿ ಕಫದಲ್ಲಿ ಕಂಡ ಶೇ. 34 ಎಂಬ ಸಂಖ್ಯೆಯನ್ನು ನಾನು ಓದುವುದು ಹೀಗೆ: ರಕ್ತದಿಂದ ಬಂದ ಕೋಶಗಳ ಲೆಕ್ಕ ಅದರಲ್ಲಿದೆ, ಬಂದು ಹೋಗದೆ ಉಳಿದ ಕೋಶಗಳ ಲೆಕ್ಕವೂ ಅದರಲ್ಲಿದೆ. ಮದುವೆ ಮನೆಗೆ ಬಂದವರು ಹೊರಡದೇ ಇದ್ದರೆ, ಹೊಸಬರು ನಾಲ್ಕೇ ಜನ ಬಂದರೂ ಚಪ್ಪರ ತುಂಬುತ್ತದೆ.

ಇನ್ನು ಅವರು ವರ್ಷಗಟ್ಟಲೆ ಬಳಸಿದ ಸಾಲ್ಬ್ಯುಟಮಾಲ್ ಪಂಪಿನ ಮಾತು. ಅದು ನಾಳದ ಸ್ನಾಯುವನ್ನು ಸಡಿಲಿಸುತ್ತದೆ, ಅದರಿಂದ ಉಸಿರು ನಿರಾಳವಾಗುತ್ತದೆ. ಒಳಗೆ ಉಳಿದ ಕೋಶಗಳಿಗೆ ಅದರಿಂದ ಏನೂ ಆಗುವುದಿಲ್ಲ. ತಟ್ಟೆಯಲ್ಲಿ ನಡೆದ ಪ್ರಯೋಗಗಳಲ್ಲಂತೂ ಈ ಜಾತಿಯ ಔಷಧಿಗಳು ಇಯೊಸಿನೊಫಿಲ್‌ಗಳ ಮೇಲೆ ಸ್ಟೀರಾಯ್ಡ್ ಮಾಡುವ ಕೆಲಸಕ್ಕೆ ಅಡ್ಡಬಂದದ್ದುಂಟು. ತಟ್ಟೆಯಲ್ಲಿ ನಡೆದದ್ದು ಎದೆಯಲ್ಲೂ ನಡೆಯುತ್ತದೆಂದು ನಾನು ವಾದಿಸುವುದಿಲ್ಲ. ಆದರೆ ಜಾಗತಿಕ ಉಬ್ಬಸ ಮಾರ್ಗಸೂಚಿ 2019ರಿಂದ ಸಾಲ್ಬ್ಯುಟಮಾಲ್ ಒಂದನ್ನೇ ಕೊಟ್ಟು ಚಿಕಿತ್ಸೆ ನಡೆಸಬಾರದೆಂದು ಹೇಳುತ್ತಿರುವುದು ಸುಮ್ಮನೆ ಅಲ್ಲ.

ಸ್ಟೀರಾಯ್ಡ್ ಮಾಡುವುದು ಎರಡು ಕೆಲಸ. ಒಳಪೊರೆ ಮತ್ತು ಟಿ-ಕೋಶಗಳಲ್ಲಿ ಇಂಟರ್‌ಲ್ಯೂಕಿನ್-5, ಜಿಎಂ-ಸಿಎಸ್ಎಫ್ ಮೊದಲಾದವುಗಳ ತಯಾರಿಯನ್ನೇ ಇಳಿಸುತ್ತದೆ; ಇಯೊಸಿನೊಫಿಲ್‌ನ ಒಳಗೆ ಹೋಗಿ ಅದರ ಸಾವನ್ನು ನೇರವಾಗಿ ಚುರುಕುಗೊಳಿಸುತ್ತದೆ. ಈ ಎರಡರಲ್ಲಿ ಮೊದಲನೆಯದೇ ಮುಖ್ಯವೆಂದು ನನ್ನ ಎಣಿಕೆ, ಏಕೆಂದರೆ ಇಂಟರ್‌ಲ್ಯೂಕಿನ್-5 ಸಾಕಷ್ಟು ಸುರಿಯುತ್ತಿರುವಾಗ ಸ್ಟೀರಾಯ್ಡ್‌ನ ನೇರ ಏಟನ್ನು ಇಯೊಸಿನೊಫಿಲ್ ತಡೆದುಕೊಳ್ಳುತ್ತದೆ ಎನ್ನುವುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಟಿಎಸ್ಎಲ್‌ಪಿ ಬಿದ್ದ ಸಹಜ ಲಿಂಫಾಯ್ಡ್ ಕೋಶಗಳಂತೂ ಇದೇ ಸ್ಟಾಟ್-5, ಬಿಸಿಎಲ್-ಎಕ್ಸ್ಎಲ್ ದಾರಿ ಹಿಡಿದು ಸ್ಟೀರಾಯ್ಡ್‌ಗೆ ಬಗ್ಗದಂತಾಗುತ್ತವೆಂದು 2013ರಲ್ಲಿ ಜಪಾನಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಕೋಶವನ್ನು ಹೊಡೆಯುವುದಕ್ಕಿಂತ ಅದಕ್ಕೆ ಅಪ್ಪಣೆ ಕೊಡುವ ಬಾಯಿಯನ್ನು ಮುಚ್ಚಿಸುವುದು ಲೇಸು, ಮತ್ತು ಆ ಬಾಯಿ ಇರುವುದು ಶ್ವಾಸನಾಳದ ಗೋಡೆಯಲ್ಲಿ. ಸ್ಟೀರಾಯ್ಡನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ಪಂಪಿನ ಮೂಲಕ ಅಲ್ಲಿಗೇ ತಲುಪಿಸುವುದರ ಅರ್ಥ ಇಷ್ಟೇ.

ಸ್ಟೀರಾಯ್ಡ್ ಇರುವ ಬ್ಯುಡೆಸೊನೈಡ್-ಫಾರ್ಮೊಟೆರಾಲ್ ಪಂಪನ್ನು ಬೆಳಿಗ್ಗೆ ಸಂಜೆ ಎಂದು ಬರೆದುಕೊಟ್ಟು, ಸ್ಪೇಸರ್ ಎಂಬ ಕೊಳವೆ ಹಿಡಿದು ಎಳೆಯುವುದನ್ನು ಅವರಿಂದಲೇ ಮಾಡಿಸಿ ನೋಡಿ ಕಳಿಸಿದೆವು. ಆಗಸ್ಟ್ ಕೊನೆಗೆ ರಕ್ತದ ಇಯೊಸಿನೊಫಿಲ್ 280ಕ್ಕೆ, ಕಫದಲ್ಲಿ ಶೇ. 4ಕ್ಕೆ ಇಳಿದಿದ್ದವು. ಈ ಸಲದ ಸ್ಲೈಡಿನಲ್ಲಿ ಹರಳುಗಳಿರಲಿಲ್ಲ. ಮ್ಯಾಕ್ರೊಫೇಜ್‌ಗಳ ಹೊಟ್ಟೆಯಲ್ಲಿ ಇಯೊಸಿನೊಫಿಲ್‌ಗಳ ಕೆಂಪು ಬಣ್ಣದ ಕಣಗಳ ಚೂರುಗಳಿದ್ದವು. ಉಬ್ಬಸ ಹೆಚ್ಚಿದ ರೋಗಿಗಳಿಗೆ ಸ್ಟೀರಾಯ್ಡ್ ಕೊಟ್ಟ ಮೇಲೆ ಕಫದಲ್ಲಿ ಅಪೊಪ್ಟೋಸಿಸ್‌ಗೊಳಗಾದ ಇಯೊಸಿನೊಫಿಲ್‌ಗಳೂ ಅವನ್ನು ನುಂಗಿದ ಮ್ಯಾಕ್ರೊಫೇಜ್‌ಗಳೂ ಹೆಚ್ಚುವುದನ್ನು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಓದಿದ್ದನ್ನು ಕಣ್ಣಾರೆ ಕಂಡ ಸಂತೋಷ ನನ್ನದಾಯಿತು. ಉಸಿರು 1.74 ಲೀಟರಿಗೆ ಏರಿತ್ತು. ಸಾರಿನ ಒಗ್ಗರಣೆಯ ವಾಸನೆ ಬರುತ್ತಿದೆ ಎಂದು ಅವರು ಹೇಳಿದರು.

ಸೆಪ್ಟೆಂಬರ್ ಎರಡನೆಯ ವಾರ ಪಂಪು ಬಿಟ್ಟರು. ಉಸಿರು ಚೆನ್ನಾಗಿತ್ತು, ನೆಂಟರೊಬ್ಬರು ಹೆದರಿಸಿದ್ದರು. “ಪಂಪು ಹಿಡಿದರೆ ಚಟ ಆಗ್ತದಂತಲ್ಲ ಡಾಕ್ಟ್ರೇ, ಜೀವಮಾನ ಬಿಡೋಕಾಗೋದಿಲ್ಲಂತೆ” ಎಂದು ಅಕ್ಟೋಬರ್‌ನಲ್ಲಿ ಬಂದಾಗ ಕೇಳಿದರು. ಬಿಟ್ಟ ಮೂರನೆಯ ವಾರಕ್ಕೆ ರಾತ್ರಿ ಕೆಮ್ಮು ಶುರುವಾಗಿತ್ತು, ಆ ದಿನ ರಕ್ತದ ಇಯೊಸಿನೊಫಿಲ್ ಎಣಿಕೆ 760. ನಾನು ಹೇಳಿದ್ದು ಇಷ್ಟು: “ಚಟ ಅಲ್ಲಮ್ಮ. ನಿಮ್ಮ ಎದೆಯೊಳಗೆ ಸೇರಿಕೊಂಡ ಒಂದು ಜಾತಿ ಕಣ ತನ್ನ ಪಾಡಿಗೆ ತಾನು ನಾಲ್ಕು ದಿನಕ್ಕೆ ಸಾಯಬೇಕು. ನಿಮ್ಮ ಶ್ವಾಸನಾಳವೇ ಅದಕ್ಕೆ ಅನ್ನ ಹಾಕಿ ಉಳಿಸ್ತಿದೆ. ಪಂಪು ಆ ಅನ್ನ ನಿಲ್ಲಿಸ್ತದೆ. ನೀವು ಬಿಟ್ಟ ದಿನ ಅದು ಮತ್ತೆ ಹಾಕೋಕೆ ಶುರು ಮಾಡ್ತದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಬಿಡಬಾರದು ಅನ್ನಿ” ಎಂದರು. ಅಲ್ಲಿಂದ ಈಚೆಗೆ ಒಂದು ದಿನವೂ ತಪ್ಪಿಸಿಲ್ಲ. ಇದನ್ನು ಒತ್ತಿ ಹೇಳಲು ಕಾರಣ, ಮುಂದಿನ ಉಬ್ಬಸಕ್ಕೆ ಔಷಧಿ ತಪ್ಪಿಸಿದ್ದು ಕಾರಣವಾಗಿರಲಿಲ್ಲ.

ಡಿಸೆಂಬರ್ ಮಧ್ಯದಲ್ಲಿ ಮತ್ತೆ ಬಂದರು. ಅಡಿಕೆಯ ಕೊನೆಕೊಯ್ಲಿನ ಕಾಲ. ಮನೆಯಲ್ಲಿ ಸುಲಿತ ನಡೆದಿತ್ತು. ಹಗಲೆಲ್ಲ ಮೆಟ್ಟುಗತ್ತಿಯ ಮುಂದೆ, ಸಂಜೆಯಾದರೆ ಅಡಿಕೆ ಬೇಯಿಸುವ ಹಂಡೆಯ ಮುಂದೆ. ಚೊಗರು ಕುದಿಯುವ ಆ ಒಲೆಗೆ ಆ ವರ್ಷ ಮಳೆ ತಡವಾಗಿ ಬಿಟ್ಟದ್ದರಿಂದ ಹಸಿ ಸೌದೆಯೇ ಗತಿಯಾಗಿತ್ತು. ಕೆಮ್ಮು, ಎದೆ ಬಿಗಿತ, ರಾತ್ರಿ ಎದ್ದು ಕೂರುವುದು, ಎಲ್ಲವೂ ಜುಲೈನಂತೆಯೇ. ಪಂಪಿನ ಎಣಿಕೆ ನೋಡಿದೆ, ಸರಿಯಾಗಿತ್ತು. ಸಂಜೆ ಹೊರರೋಗಿಗಳ ಸಾಲು ಉದ್ದವಿತ್ತು. ರಕ್ತವನ್ನೂ ತೆಗೆಯದೆ, ಕಫವನ್ನೂ ನೋಡದೆ, ಹಿಂದಿನ ಚೀಟಿ ತೆಗೆದು ಅದೇ ಮಾತ್ರೆ ಬರೆದೆ: ಪ್ರೆಡ್ನಿಸೊಲೋನ್ 40 ಮಿಲಿಗ್ರಾಂ, ಈ ಸಲ 7 ದಿನ. ಏಳು ದಿನಗಳಲ್ಲಿ ಏನೂ ಬದಲಾಗಲಿಲ್ಲ. ಇನ್ನೊಂದು ವಾರ ಮುಂದುವರಿಸಿದೆ. ಆಗ ಅವರ ಸಕ್ಕರೆ ಏರಿತು, ಮುಖ ಊದಿತು, ಕಫ ಹಳದಿಗೆ ತಿರುಗಿತು, ಉಬ್ಬಸ ಇದ್ದ ಹಾಗೆಯೇ ಇತ್ತು.

ಹದಿನೈದನೆಯ ದಿನ ಮಾಡಿದ್ದನ್ನು ಮೊದಲ ದಿನವೇ ಮಾಡಬೇಕಿತ್ತು. ರಕ್ತದ ಇಯೊಸಿನೊಫಿಲ್ 40. ಕಫದ ಸ್ಲೈಡಿನಲ್ಲಿ ಇಯೊಸಿನೊಫಿಲ್ ಶೇ. 1, ನ್ಯೂಟ್ರೊಫಿಲ್ ಎಂಬ ಇನ್ನೊಂದು ಜಾತಿಯ ಬಿಳಿರಕ್ತಕಣ ಶೇ. 82. ಕೊಲ್ಲಬೇಕಾದ ಕೋಶ ಅಲ್ಲಿ ಇರಲೇ ಇಲ್ಲ, ಆದರೂ ನಾನು ಎರಡು ವಾರ ಅದನ್ನೇ ಕೊಲ್ಲಲು ಹೊರಟಿದ್ದೆ.

ನ್ಯೂಟ್ರೊಫಿಲ್‌ನ ಆಯುಸ್ಸು ಇಯೊಸಿನೊಫಿಲ್‌ಗಿಂತಲೂ ಚಿಕ್ಕದು. ರಕ್ತದಲ್ಲಿ ಗಂಟೆಗಳ ಲೆಕ್ಕ ಎಂದೇ ಬಹುಕಾಲ ಎಣಿಸಿಕೊಂಡು ಬಂದಿದ್ದೇವೆ. ಅದನ್ನು ಕಾಯುವ ಪ್ರೊಟೀನು ಬೇರೆ: ಎಂಸಿಎಲ್-1. ಈ ಎಂಸಿಎಲ್-1 ತಯಾರಾದ ಕೆಲವೇ ಗಂಟೆಗಳಲ್ಲಿ ಒಡೆದುಹೋಗುವ ಸ್ವಭಾವದ್ದು. ಅದು ಮುಗಿದಂತೆ ನ್ಯೂಟ್ರೊಫಿಲ್ ಸಾಯುತ್ತದೆ. ಹೊಗೆಯಿಂದ ಉರಿಯೆದ್ದ ಒಳಪೊರೆ ಇಂಟರ್‌ಲ್ಯೂಕಿನ್-8 ಸುರಿಸಿ ನ್ಯೂಟ್ರೊಫಿಲ್‌ಗಳನ್ನು ಕರೆಯುತ್ತದೆ, ಜಿಎಂ-ಸಿಎಸ್ಎಫ್ ಸುರಿಸಿ ಎಂಸಿಎಲ್-1 ಬೇಗ ಒಡೆಯದಂತೆ ನೋಡಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಹೊರಪೊರೆಯ ವಸ್ತುಗಳೂ ಅದೇ ಕೆಲಸ ಮಾಡುತ್ತವೆ. ಇವೆಲ್ಲದರ ಮೇಲೆ ಸ್ಟೀರಾಯ್ಡ್. ಇಯೊಸಿನೊಫಿಲ್‌ನ ಸಾವನ್ನು ಬೇಗ ತರುವ ಇದೇ ಔಷಧಿ ನ್ಯೂಟ್ರೊಫಿಲ್‌ನ ಸಾವನ್ನು ತಡಮಾಡುತ್ತದೆ ಎನ್ನುವುದು 1990ರ ದಶಕದಿಂದಲೂ ಗೊತ್ತಿರುವ ಸಂಗತಿ. ಅದೂ ಎಂಸಿಎಲ್-1ರ ಮಟ್ಟ ಕುಸಿಯದಂತೆ ಹಿಡಿದಿಡುವ ಮೂಲಕವೇ. ಪರೀಕ್ಷೆಯಲ್ಲಿ ಕೇಳಿದ್ದರೆ ಸರಿಯಾಗಿಯೇ ಉತ್ತರಿಸುತ್ತಿದ್ದೆ. ಚೀಟಿ ಬರೆಯುವಾಗ ನೆನಪಿಗೆ ಬರಲಿಲ್ಲ.

ಆದರೂ ಈ ಶೇ. 82 ಎಂಬ ಅಂಕಿಯನ್ನು ಪೂರ್ತಿ ನನ್ನ ಮಾತ್ರೆಯ ಲೆಕ್ಕಕ್ಕೆ ಹಾಕುವುದು ಪ್ರಾಮಾಣಿಕವಾಗದು. ಸ್ಟೀರಾಯ್ಡ್ ಇಯೊಸಿನೊಫಿಲ್‌ಗಳನ್ನು ತೆಗೆದುಹಾಕಿದಾಗ ಉಳಿದವುಗಳ ಶೇಕಡಾವಾರು ತಾನಾಗಿ ಏರುತ್ತದೆ. ಕಫದ ಕಲ್ಚರಿನಲ್ಲಿ ಹೀಮೋಫಿಲಸ್ ಇನ್‌ಫ್ಲುಯೆಂಜೆ ಬೆಳೆಯಿತು, ಅದೊಂದೇ ಇಷ್ಟು ನ್ಯೂಟ್ರೊಫಿಲ್‌ಗಳನ್ನು ಎಳೆದುತರಬಲ್ಲದು. ಡಿಸೆಂಬರ್ ಮಧ್ಯದಲ್ಲಿ, ಮೊದಲ ಮಾತ್ರೆಗೆ ಮುನ್ನ, ಒಂದು ಸ್ಲೈಡ್ ಮಾಡಿದ್ದಿದ್ದರೆ ಯಾವುದು ಮೊದಲು ಬಂತೆಂದು ಹೇಳಬಹುದಿತ್ತು. ಮಾಡಿರಲಿಲ್ಲ. ಹೊಗೆ ಮೊದಲು, ಸೋಂಕು ಆಮೇಲೆ, ಎರಡನ್ನೂ ಸ್ಟೀರಾಯ್ಡ್ ಲಂಬಿಸಿತು ಎನ್ನುವುದು ನನ್ನ ತೀರ್ಮಾನ.

ಪ್ರೆಡ್ನಿಸೊಲೋನನ್ನು ಹಂತ ಹಂತವಾಗಿ ಇಳಿಸಿ ಹತ್ತು ದಿನಗಳಲ್ಲಿ ನಿಲ್ಲಿಸಿದೆ. ಕಲ್ಚರಿನಲ್ಲಿ ಕೆಲಸಕ್ಕೆ ಬರುತ್ತದೆಂದು ಕಂಡ ಅಮಾಕ್ಸಿಸಿಲಿನ್-ಕ್ಲಾವುಲನೇಟ್ 7 ದಿನ ಕೊಟ್ಟೆ. ಪಂಪನ್ನು ಮಾತ್ರ ಮುಟ್ಟಲಿಲ್ಲ. ಕಫದಲ್ಲಿ ಈಗ ಇಯೊಸಿನೊಫಿಲ್ ಇಲ್ಲವಲ್ಲ, ಪಂಪೂ ಏಕೆ ಬೇಕು ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದರು. ಅಕ್ಟೋಬರಿನ 760 ಅದಕ್ಕೆ ಉತ್ತರ. ಒಲೆಯ ವಿಚಾರ ಮಾತ್ರ ಚೀಟಿಯಲ್ಲಿ ಬರೆದು ಮುಗಿಯುವಂಥದ್ದಾಗಿರಲಿಲ್ಲ. ಅಡಿಕೆ ಬೇಯಿಸುವುದನ್ನು ನಿಲ್ಲಿಸಿ ಎಂದು ತೋಟದವರಿಗೆ ಹೇಳುವ ಹಾಗಿಲ್ಲ, ವರ್ಷದ ದುಡಿಮೆ ಆ ಹಂಡೆಯಲ್ಲಿರುತ್ತದೆ. ಅವರ ಯಜಮಾನರನ್ನು ಕರೆದು ಕೂರಿಸಿ ಮಾತಾಡಿದ ಮೇಲೆ ಬೇಯಿಸುವ ಒಲೆಯನ್ನು ಮನೆಯ ಹಿಂಬದಿಯಿಂದ ಗಾಳಿ ಮನೆಗೆ ಬೀಸದ ಕಡೆಗೆ, ಕಣದ ಆಚೆ ತುದಿಗೆ ಸಾಗಿಸಿದರು. ಹಂಡೆಯ ಕೆಲಸವನ್ನು ಮಗ ವಹಿಸಿಕೊಂಡ. ಇವರು ಮಲಗುತ್ತಿದ್ದ ಕೋಣೆಯ ಕಿಟಕಿ ನೇರ ಆ ಒಲೆಯ ಕಡೆಗೇ ಇತ್ತೆಂಬುದು ಆಗಲೇ ತಿಳಿದದ್ದು. ಜನವರಿ ಕೊನೆಯ ವಾರ ಬಂದಾಗ ಕೆಮ್ಮು ಹೆಚ್ಚುಕಡಿಮೆ ನಿಂತಿತ್ತು. ಕಫ ಕೊಡಿ ಎಂದರೆ, ಬರುವುದೇ ಇಲ್ಲ ಎಂದರು. ಉಪ್ಪುನೀರಿನ ಆವಿ ಕೊಟ್ಟು ತೆಗೆಸಿ ನೋಡಿದಾಗ ನ್ಯೂಟ್ರೊಫಿಲ್ ಶೇ. 46, ಇಯೊಸಿನೊಫಿಲ್ ಶೇ. 2.

ಚುಚ್ಚುಮದ್ದು ಇದೆಯಂತಲ್ಲ ಎಂದು ಅವರ ಮಗ ಕೇಳಿದ. ಇದೆ. ಇಂಟರ್‌ಲ್ಯೂಕಿನ್-5 ಅನ್ನೇ ಹಿಡಿದುಹಾಕುವ ಮೆಪೊಲಿಜುಮ್ಯಾಬ್‌ನ ಚರಿತ್ರೆ ಈ ಪ್ರಕರಣದ ಮೊದಲ ಅರ್ಧವನ್ನು ಅರ್ಥಮಾಡಿಕೊಳ್ಳಲು ಬೇಕಾಗುತ್ತದೆ. 2000ದಲ್ಲಿ ಪ್ರಕಟವಾದ ಮೊದಲ ಪ್ರಯೋಗಗಳಲ್ಲಿ ರಕ್ತದ ಇಯೊಸಿನೊಫಿಲ್‌ಗಳು ಪಾತಾಳಕ್ಕೆ ಇಳಿದವು, ರೋಗಿಗಳ ಉಬ್ಬಸ ಮಾತ್ರ ಸುಧಾರಿಸಲಿಲ್ಲ. 2003ರಲ್ಲಿ ಶ್ವಾಸನಾಳದ ಗೋಡೆಯ ತುಣುಕು ತೆಗೆದು ನೋಡಿದವರಿಗೆ ಅಲ್ಲಿ ಅವು ಇಳಿದದ್ದು ಸುಮಾರು ಅರ್ಧದಷ್ಟು ಮಾತ್ರ ಎಂದು ಕಂಡಿತು. ಅಂಗಾಂಶಕ್ಕೆ ಹೋದ ಇಯೊಸಿನೊಫಿಲ್ ತನ್ನ ಇಂಟರ್‌ಲ್ಯೂಕಿನ್-5 ಗ್ರಾಹಕವನ್ನು ಬಹುಮಟ್ಟಿಗೆ ಕಳಚಿಕೊಂಡು ಜಿಎಂ-ಸಿಎಸ್ಎಫ್‌ನ ಆಸರೆಯಲ್ಲಿ ಬದುಕಬಲ್ಲದು. ಒಂದು ಬಾಗಿಲು ಮುಚ್ಚಿದರೆ ಬೀಟಾ ಸರಪಳಿಗೆ ಇನ್ನೆರಡು ಬಾಗಿಲುಗಳಿವೆ. ಔಷಧಿ ಕೈಬಿಟ್ಟುಹೋಗುವುದರಲ್ಲಿತ್ತು. 2009ರಲ್ಲಿ ಇಯೊಸಿನೊಫಿಲ್ ನಿಜಕ್ಕೂ ಹೆಚ್ಚಿರುವ, ಪದೇ ಪದೇ ಉಲ್ಬಣಗೊಳ್ಳುವ ರೋಗಿಗಳನ್ನೇ ಆಯ್ದು ಕೊಟ್ಟಾಗ ಉಲ್ಬಣಗಳು ಕಡಿಮೆಯಾದವು, 2015ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮನ್ನಣೆ ಸಿಕ್ಕಿತು. 2017ರಲ್ಲಿ ಮನ್ನಣೆ ಪಡೆದ ಬೆನ್ರಲಿಜುಮ್ಯಾಬ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಇಯೊಸಿನೊಫಿಲ್‌ನ ಗ್ರಾಹಕಕ್ಕೇ ಅಂಟಿಕೊಂಡು, ಎನ್‌ಕೆ ಎಂಬ ಕೊಲ್ಲುವ ಕೋಶಗಳನ್ನು ಕರೆದು ಅದನ್ನು ಅಪೊಪ್ಟೋಸಿಸ್‌ಗೆ ದೂಡುತ್ತದೆ.

ಇವುಗಳಲ್ಲಿ ಯಾವುದೂ ಈ ರೋಗಿಗೆ ಈಗ ಬೇಡವೆಂದು ಮಗನಿಗೆ ಹೇಳಿದೆ. ಬೆಲೆ ಒಂದು ಕಾರಣ, ಅಡಿಕೆ ದರ ಚೆನ್ನಾಗಿರುವ ವರ್ಷವೂ ತಡೆದುಕೊಳ್ಳಲಾಗದಷ್ಟು. ಆದರೆ ಅದಕ್ಕಿಂತ ಮುಖ್ಯವಾಗಿ, ಜುಲೈನ ಉಬ್ಬಸ ಪಂಪಿಗೆ ಬಗ್ಗಿತ್ತು, ಡಿಸೆಂಬರಿನ ಉಬ್ಬಸದಲ್ಲಿ ಈ ಚುಚ್ಚುಮದ್ದುಗಳಿಗೆ ಕೆಲಸವೇ ಇರುತ್ತಿರಲಿಲ್ಲ. ಸರಿಯಾಗಿ ಪಂಪು ಎಳೆಯುತ್ತಿದ್ದೂ ವರ್ಷಕ್ಕೆ ಎರಡು ಮೂರು ಬಾರಿ ಇಯೊಸಿನೊಫಿಲ್ ಏರಿ ಉಲ್ಬಣವಾದರೆ ಆಗ ಮಾತಾಡೋಣ ಎಂದೆ.

ಮುಂದಿನ ಮಳೆಗಾಲ ಬಂದಿತು. ಜೂನ್‌ನಲ್ಲೇ ಕರೆಸಿ ರಕ್ತ ತೆಗೆದಾಗ ಇಯೊಸಿನೊಫಿಲ್ 290, ಜುಲೈ ಕೊನೆಗೆ 310. ಹಾಸಿಗೆ ತಲೆದಿಂಬುಗಳಿಗೆ ನುಸಿ ದಾಟದ ಹೊದಿಕೆ ಹಾಕಿಸಿದ್ದಾರೆ. ಕಂಬಳಿ ಬಿಡಿಸಲು ನನ್ನಿಂದಾಗಿಲ್ಲ. ಆ ಮಳೆಗಾಲ ಪೂರ್ತಿ ಒಂದು ಮಾತ್ರೆ ಪ್ರೆಡ್ನಿಸೊಲೋನ್ ಬೇಕಾಗಲಿಲ್ಲ. ಉಸಿರು ಮಾತ್ರ 1.68 ಲೀಟರಿಗೆ ನಿಂತಿದೆ, ಇರಬೇಕಾದದ್ದರ ಶೇ. 76, ಸಾಲ್ಬ್ಯುಟಮಾಲ್ ಕೊಟ್ಟರೂ ಅದರ ಮೇಲೆ ಹೆಚ್ಚೇನೂ ಏರುವುದಿಲ್ಲ. ವರ್ಷಗಟ್ಟಲೆ ಒಳಗೇ ಉಳಿದ ಕೋಶಗಳು ಶ್ವಾಸನಾಳದ ಗೋಡೆಯನ್ನು ದಪ್ಪಗೊಳಿಸಿಬಿಟ್ಟಿರಬೇಕು, ಅದು ಹಿಂದಕ್ಕೆ ಬರುವ ಲಕ್ಷಣ ಕಾಣುವುದಿಲ್ಲ. ಈಗ ಅವರ ಕಡತದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದು ಅಂಟಿಸಿದ್ದೇನೆ, ನನ್ನ ಅನುಪಸ್ಥಿತಿಯಲ್ಲಿ ನೋಡುವವರಿಗೂ ಕಾಣಲೆಂದು: ಮಾತ್ರೆ ಬರೆಯುವ ಮೊದಲು ಕಫದ ಸ್ಲೈಡ್.